ಬ್ಯಾಟ್ರಿ ಎಷ್ಟು ಕಾಲ ಬತ್ತದೆ?

ಶಿವರುದ್ರಸ್ವಾಮಿ ಎಂಬ ಹೆಸರು ಕೇಳಿದರೆ ಯಾರಾದರೂ ಎರಡು ಹೆಜ್ಜೆ ಹಿಂದಕ್ಕೆ ಸರಿಯಬೇಕು. ಆದರೆ ಉಡಿಗಾಲದ ನಮ್ಮ ಶಿವರುದ್ರಸ್ವಾಮಿ ಬೀದಿಯಲ್ಲಿ ಬಂದರೆ ಮಲಗಿದ್ದ ನಾಯಿ ಕೂಡ ಕಣ್ಣು ತೆರೆಯುತ್ತಿರಲಿಲ್ಲ. ನಲವತ್ತಾರರ ಆಸಾಮಿ, ಮೆತ್ತಗಿನ ಮಾತು, ಯಾವಾಗಲೂ ಅರ್ಧ ಮುಚ್ಚಿದ ಕಣ್ಣು. ಹೆಂಡತಿ ಗಂಗಾಂಬಿಕೆ ಉಪ್ಪು ತನ್ನಿ ಎಂದು ಕಳಿಸಿದರೆ ಅಂಗಡಿಯ ಗಾಜಿನ ಡಬ್ಬಿಯ ಮೇಲೆ ಬಿದ್ದ ಬಿಸಿಲು ನೋಡುತ್ತಾ ನಿಂತು, ಬರಿಗೈಯಲ್ಲಿ ಸಂತೋಷವಾಗಿ ವಾಪಸ್ಸು ಬರುವವನು.

ಅವನಿಗೆ ಕೆಲಸ ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ. ಏನು ಕೆಲಸ ಅಂದಿರಾ? ಒಗೆದು ಬಂದ ಬೆಡ್‌ಶೀಟು, ದಿಂಬಿನ ಕವರು ಎಣಿಸಿ ಬೀರುವಿನಲ್ಲಿ ಜೋಡಿಸುವುದು. ಆದರೆ ಮಾವನ ಊರಾದ ತೆರಕಣಾಂಬಿಯಲ್ಲಿ ಮದುವೆಯ ಕಾಲಕ್ಕೆ ‘ಹುಡುಗ ಆಸ್ಪತ್ರೇಲಿ ಅವ್ನೆ’ ಎಂದು ಮಾತಾಗಿತ್ತು. ಆಸ್ಪತ್ರೆಯಲ್ಲಿ ಏನು ಎಂದು ಯಾರೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಆ ಮೌನವೇ ದೊಡ್ಡ ಡಿಗ್ರಿಯಾಗಿಬಿಟ್ಟಿತ್ತು. ಇವನು ಊರಿಗೆ ಹೋದರೆ ಜನ ನಾಲಿಗೆ ಚಾಚಿ ತೋರಿಸುತ್ತಿದ್ದರು. ಇವನು ‘ಬಿಸಿನೀರು ಕುಡೀರಿ’ ಎನ್ನುತ್ತಿದ್ದ. ಬಿಸಿನೀರು ಯಾರಿಗೂ ಕೆಟ್ಟದ್ದು ಮಾಡುವುದಿಲ್ಲವಲ್ಲ, ಹಾಗಾಗಿ ಅವನ ಕೈಗುಣದ ಬಗ್ಗೆ ಒಳ್ಳೆಯ ಹೆಸರೇ ಇತ್ತು.

ಅವನ ಮಾತಿಗೆ ಬೆಲೆ ಕೊಡದವರು ಒಬ್ಬರೇ, ಮಾವ ಗುರುಮಲ್ಲಯ್ಯನವರು. ಕಾರಣವೂ ಇತ್ತು. ಮುಹೂರ್ತದ ಹೊತ್ತಿಗೆ ಮದುವೆ ಗಂಡು ಕಾಣೆಯಾಗಿ, ಹುಡುಕಿದರೆ ಚಪ್ಪರದ ಹಿಂದೆ ಜನರೇಟರಿನ ಪಕ್ಕ ಕೂತು, ಬಣ್ಣದ ದೀಪದ ಸರ ಹತ್ತಿ ಆರುವುದನ್ನು ಬಾಯಿ ತೆರೆದು ನೋಡುತ್ತಿದ್ದ. ಅವತ್ತಿನಿಂದ ಗುರುಮಲ್ಲಯ್ಯನವರು ಅಳಿಯನ ಮುಖ ನೋಡಿ ಮಾತಾಡಿದವರಲ್ಲ. ಅವನು ಎದುರಿಗೇ ಕೂತಿದ್ದರೂ ‘ಗಂಗೆ, ನಿನ್ ಗಂಡುಂಗೆ ಉಣ್ಣಾಕ್ ಯೋಳು’ ಎನ್ನುವರು. ಹತ್ತೊಂಬತ್ತು ವರ್ಷ! ಒಂದು ಸಲ, ಒಂದೇ ಒಂದು ಸಲ ಮಾವ ನೇರವಾಗಿ ‘ಬಾಪ್ಪ’ ಅನ್ನಲಿ ಎನ್ನುವುದು ಶಿವರುದ್ರಸ್ವಾಮಿಯ ಜೀವನದ ಆಸೆ. ಅದಕ್ಕಿಂತ ದೊಡ್ಡದೊಂದನ್ನು ಅವನು ದೇವರಲ್ಲಿ ಕೂಡ ಕೇಳಿರಲಿಲ್ಲ.

ಆರು ತಿಂಗಳ ಹಿಂದೆ ಗುರುಮಲ್ಲಯ್ಯನವರು ಗದ್ದೆಯ ಬದುವಿನ ಮೇಲೆ ತಲೆಸುತ್ತಿ ಬಿದ್ದರು. ಮೈಸೂರಿಗೆ ಕರೆದುಕೊಂಡು ಹೋಗಿ, ಹೃದಯ ತಪ್ಪದೆ ಬಡಿಯಲಿ ಎಂದು ಎಡಗಡೆ ಎದೆಯ ಚರ್ಮದಡಿ ಒಂದು ಪುಟ್ಟ ಯಂತ್ರ ಇಡಿಸಿದರು. ಅದಕ್ಕೆ ಡಾಕ್ಟರು ಏನೋ ಇಂಗ್ಲಿಷ್ ಹೆಸರು ಹೇಳಿದರು. ಊರವರು ‘ಎದೆಗೆ ಬ್ಯಾಟ್ರಿ ಮಡಗವ್ರೆ’ ಎಂದರು. ಇಲ್ಲೇ ನಮ್ಮ ಕಥೆಯ ಗಂಟು ಇರುವುದು. ಯಾಕೆಂದರೆ ಆ ಸೀಮೆಯಲ್ಲಿ ಕೈಯಲ್ಲಿ ಹಿಡಿದು ಬೆಳಕು ಬಿಡುವ ಟಾರ್ಚಿಗೂ ಬ್ಯಾಟ್ರಿ ಎಂದೇ ಹೆಸರು. ಅದರೊಳಗೆ ಹಾಕುವುದು ಸೆಲ್ಲು.

ಈಚೆಗೆ ಒಂದು ದಿನ ಹೆಂಡತಿಯೊಡನೆ ಮಾವನನ್ನು ನೋಡಲು ಹೊರಟಾಗ ಬರಿಗೈಯಲ್ಲಿ ಹೋಗಬಾರದೆಂದು ಶಿವರುದ್ರಸ್ವಾಮಿ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಪಕ್ಕ ಸಾಮಾನು ಹರಡಿಕೊಂಡಿದ್ದವನ ಹತ್ತಿರ ಒಂದು ಎಲ್‌ಇಡಿ ಬ್ಯಾಟ್ರಿ ಕೊಂಡ. ಬೆರಳುದ್ದದ ಕಪ್ಪು ಕೊಳವೆ, ಹಿಂದೆ ರಬ್ಬರಿನ ಗುಂಡಿ, ಮುಂದೆ ಎಳೆದರೆ ಉದ್ದವಾಗುವ ಮೂತಿ. ಮಾರುವವನು ‘ಕೇರಳದವರೆಗೂ ಹೊಡೀತದೆ ಸಾರ್’ ಎಂದಿದ್ದ.

ಗುರುಮಲ್ಲಯ್ಯನವರು ಸಂಜೆ ಅದನ್ನು ಗೋಡೆಗೆ ಬಿಟ್ಟು ನೋಡಿದರು. ಗೋಡೆಯ ಮೇಲೆ ನೀಲಿ ಬಣ್ಣದ ಚೌಕ ಬಿತ್ತು.

“ಗಂಗೆ, ಬೆಳಕು ಅಂದ್ರೆ ಗುಂಡಗಿರಬೇಕು. ಇದೇನಮ್ಮಿ, ಚೌಕ? ಸೂರ್ಯ ಚೌಕವಾಗವ್ನಾ? ಚಂದ್ರ ಚೌಕವಾಗವ್ನಾ?”

ಇನ್ನೊಮ್ಮೆ ಒತ್ತಿದರು, ಮಂಕಾಯಿತು. ಮತ್ತೊಮ್ಮೆ ಒತ್ತಿದರು. ಅದು ಪಟಪಟಪಟ ಎಂದು ಹತ್ತಿ ಆರಿ ಹತ್ತಿ ಆರಿ, ಕೊಟ್ಟಿಗೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ಎಮ್ಮೆ ಹಿಡಿಯಲು ಅರ್ಧ ಊರು ಓಡಿತು. ಅತ್ತೆ ರಾಚಮ್ಮ ‘ಇರ್ಲಿ ಬುಡಿ, ಪ್ರೀತಿಯಿಂದ ತಂದವ್ರೆ’ ಎಂದರೂ ಶಿವರುದ್ರಸ್ವಾಮಿಗೆ ಮುಖ ಎತ್ತಲಾಗಲಿಲ್ಲ. ಸರಿಮಾಡಿ ತರುತ್ತೇನೆಂದು ಬೆಳಿಗ್ಗೆ ಅದನ್ನು ಜೇಬಿಗೆ ಹಾಕಿಕೊಂಡು, ಗಂಗಾಂಬಿಕೆಯನ್ನು ತೌರಿನಲ್ಲೇ ಬಿಟ್ಟು ಹೊರಟ. ಜಗಲಿ ದಾಟುವಾಗ ಹಿಂದಿನಿಂದ ಒಂದು ದನಿ ಬಂತು.

“ಇಲ್ ಬಾಪ್ಪ.”

ಬಾಪ್ಪ! ಶಿವರುದ್ರಸ್ವಾಮಿ ತಿರುಗಿದ. ಮಾವ ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡು, ಮೆಲ್ಲಗೆ ಕೇಳಿದರು. “ಈ ಬ್ಯಾಟ್ರಿ ಎಷ್ಟ್ ಕಾಲ ಬತ್ತದೆ ಅಂತ ಸರ್ಯಾಗಿ ತಿಳ್ಕೊಂಡು ನಂಗೊಂದ್ ಪೋನ್ ಮಾಡು. ಬ್ಯಾರೆ ಯಾರ್ಗೂ ಯೋಳ್ಬ್ಯಾಡ.”

ಎದೆಯ ಮೇಲೆ ಕೈಯಿಟ್ಟಿದ್ದು ಪ್ರೀತಿಯಿಂದ ಎಂದು ಶಿವರುದ್ರಸ್ವಾಮಿ ತಿಳಿದ. ಅವನ ಜೇಬಿನಲ್ಲಿ ಒಂದು ಬ್ಯಾಟ್ರಿ, ಅವರ ಎದೆಯಲ್ಲಿ ಒಂದು ಬ್ಯಾಟ್ರಿ. ‘ಆಗ್ಲಿ ಮಾವ’ ಎಂದು ಎರಡು ಸಲ ತಲೆಯಾಡಿಸಿದ. ಅಲ್ಲಿಂದ ಬಸ್ಸಿನಲ್ಲಿ ಉಡಿಗಾಲ ಬಂದದ್ದೂ ಅವನಿಗೆ ಗೊತ್ತಾಗಲಿಲ್ಲ, ಚಾಮರಾಜನಗರದವರೆಗೆ ಹೋಗಿ ವಾಪಸ್ಸು ಬಂದ.

ಮರುದಿನದಿಂದ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಸಂಶೋಧನೆ ಶುರುವಾಯಿತು. ಆ ಕೋಣೆಗೆ ಕಿಟಕಿಯಿಲ್ಲ. ಬಾಗಿಲು ಹಾಕಿದರೆ ಹಗಲು ಹನ್ನೆರಡಕ್ಕೂ ಕಗ್ಗತ್ತಲು. ಸುತ್ತ ಬಿಳೀ ಬೆಡ್‌ಶೀಟಿನ ರಾಶಿ, ಸೋಪಿನ ವಾಸನೆ, ನಡುವೆ ಸ್ಟೂಲಿನ ಮೇಲೆ ಶಿವರುದ್ರಸ್ವಾಮಿ. ಮೊದಲು ಮೂತಿ ಬಿಚ್ಚಿದ. ಒಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹಳದಿ ಚುಕ್ಕಿ, ನೋಡಿದರೆ ಅದೇ ಚೌಕ! ಪಾಪ, ಅದರ ಹುಟ್ಟೇ ಹಾಗೆ, ಗೋಡೆಗೆ ತನ್ನ ಮುಖವನ್ನೇ ತೋರಿಸುತ್ತಿತ್ತು. ಅದರ ಮೇಲೆ ಅವನಿಗೆ ಕರುಣೆ ಬಂತು. ಪಟಪಟ ಅನ್ನಿಸುತ್ತಿದ್ದದ್ದು ಕೆಳಗಿನ ಬಿಲ್ಲೆಯಲ್ಲಿದ್ದ ಒಂದು ಕಪ್ಪು ಚಿಪ್ಪು. ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಹತ್ತಿರ ಬೆಸುಗೆ ಕಡ್ಡಿ ಇಸಕೊಂಡು, ಎರಡು ಬೆರಳು ಸುಟ್ಟುಕೊಂಡು, ಆ ಚಿಪ್ಪನ್ನು ಎಬ್ಬಿಸಿ ಬಿಸಾಕಿ, ಆ ಜಾಗಕ್ಕೆ ಒಂದು ತಂತಿ ಹಾಕಿದ. ಈಗ ಒತ್ತಿದರೆ ಹತ್ತುತ್ತದೆ, ಒತ್ತಿದರೆ ಆರುತ್ತದೆ.

ಉಳಿದದ್ದು ಬಣ್ಣ. ಅವನ ಚಿಕ್ಕಂದಿನಲ್ಲಿ ಅಜ್ಜನ ಹತ್ತಿರ ಹಿತ್ತಾಳೆಯ ದೊಡ್ಡ ಬ್ಯಾಟ್ರಿ ಇತ್ತು. ಅದರ ಬೆಳಕು ತುಪ್ಪದ ಹಾಗೆ ಬೆಚ್ಚಗೆ ಹರಡುತ್ತಿತ್ತು. ಆ ಬೆಳಕಿನಲ್ಲಿ ಅಜ್ಜನ ಹಿಂದೆ ನಡೆಯುವಾಗ ಕತ್ತಲೆ ಕೂಡ ತನ್ನವರದ್ದೇ ಅನ್ನಿಸುತ್ತಿತ್ತು. ಆ ಬೆಳಕು ಬೇಕು ಎಂದು ಅವನ ಮನಸ್ಸು ಹಟ ಹಿಡಿಯಿತು. ಬೆಡ್‌ಶೀಟಿಗೆ ಹಾಕುವ ಗಂಜಿಗೆ ಅರಿಶಿನ ಕಲಸಿ ಗಾಜಿನ ಒಳಗಡೆ ಬಳಿದ. ಚಾಮರಾಜನಗರದವನಿಗೆ ಅರಿಶಿನಕ್ಕೇನು ಬರ?

ಮೊದಲ ಸಲ ಬಳಿದದ್ದು ದಪ್ಪವಾಗಿ, ಅವನ ಮುಖದ ಮೇಲೆ ಅಚ್ಚ ಹಳದಿ ಬೆಳಕು ಬಿತ್ತು. ದಿಂಬಿನ ಕವರು ಕೇಳಲು ಬಂದ ನರ್ಸು ಕಾವ್ಯಶ್ರೀ ಬಾಗಿಲು ತೆಗೆದವಳೇ ಅವನ ಮುಖ ನೋಡಿ ಕಿರುಚಿದಳು.

“ಅಯ್ಯೋ ಸ್ವಾಮಣ್ಣ! ಯಾವಾಗಿಂದ ಕಾಮಾಲೆ? ಕಣ್ಣೂ ಹಳದಿ ಆಗ್ಬಿಟ್ಟಿದೆ! ಬನ್ನಿ, ರಕ್ತ ಕೊಡಿ!”

ರಕ್ತ ಕೊಟ್ಟು ಬಂದು, ಬಳಿದದ್ದನ್ನು ತೊಳೆದು, ಎರಡನೇ ಸಲ ತೆಳ್ಳಗೆ ಬಳಿದ. ಮೂರನೇ ಸಲ ಬಳಿದು ಆರಿಸಿ ಒತ್ತಿದಾಗ ಬೆಡ್‌ಶೀಟಿನ ಮೇಲೆ ಗುಂಡಗೆ, ಮೆತ್ತಗೆ, ಬೆಚ್ಚಗೆ ಬೆಳಕು ಬಿತ್ತು. ಚೌಕ ಗಂಜಿಯೊಳಗೆ ಕರಗಿಹೋಗಿತ್ತು. ಶಿವರುದ್ರಸ್ವಾಮಿ ಆ ಬೆಳಕಿನೆದುರು ಎಷ್ಟು ಹೊತ್ತು ಕೂತನೋ. ಬಿಳೀ ಬಟ್ಟೆಯ ಮಡಿಕೆಗಳೆಲ್ಲ ಬೆಟ್ಟಗಳಾದವು, ಬೆಟ್ಟದ ಮೇಲೆ ಮಂಜು ಬಂತು, ಮಂಜಿನಲ್ಲಿ ಮಾವ ಮುಂದೆ, ತಾನು ಹಿಂದೆ ನಡೆಯುತ್ತಿದ್ದರು. ಅವತ್ತು ಇಡೀ ಮಹಿಳಾ ವಾರ್ಡಿಗೆ ಬೆಡ್‌ಶೀಟು ಸಂಜೆ ಹೋಯಿತು.

ಕೊನೆಯದು ಮಾವ ಕೇಳಿದ ಪ್ರಶ್ನೆ, ಎಷ್ಟು ಕಾಲ ಬತ್ತದೆ. ಶನಿವಾರ ಹೊಸ ಸೆಲ್ಲು ಮೂರು ಹಾಕಿ, ಬೆಳಿಗ್ಗೆ ಒಂಬತ್ತಕ್ಕೆ ಹತ್ತಿಸಿ ಇಟ್ಟ. ಮಧ್ಯಾಹ್ನ ಒಂದರವರೆಗೆ, ಅಂದರೆ ನಾಲ್ಕು ಗಂಟೆ ಕಾಲ, ಚೆನ್ನಾಗಿತ್ತು. ಆಮೇಲೆ ಮಂಕಾಯಿತು. ಸಂಜೆ ನಾಲ್ಕರ ಹೊತ್ತಿಗೆ ಕೆಂಡದ ಚೂರಾಗಿ, ಇಲ್ಲವಾಯಿತು. ಭಾನುವಾರ ಹನ್ನೊಂದಕ್ಕೆ ಉಡಿಗಾಲದ ಮನೆಯಲ್ಲಿ ಮತ್ತೆ ಹೊಸ ಸೆಲ್ಲು ಹಾಕಿ, ಹತ್ತಿಸಿಕೊಂಡೇ ಮಾವನಿಗೆ ಫೋನು ಮಾಡಿದ.

“ಮಾವ, ಬ್ಯಾಟ್ರಿ ವಿಷ್ಯ ತಿಳ್ಕಂಡೆ.”

ಆ ಕಡೆ ಬಾಗಿಲು ಮುಚ್ಚಿದ ಸದ್ದು. “ಯೋಳು. ಎಷ್ಟು?”

“ನಾಲ್ಕು.”

“ನಾಲ್ಕೇ ವರ್ಷವಾ?”

“ವರ್ಷ ಎಲ್ ಬಂತು ಮಾವ! ನಾಲ್ಕು ಗಂಟೆ.”

ಮಾವ ಬರೆದುಕೊಳ್ಳುತ್ತಿದ್ದಾರೆಂದು ಶಿವರುದ್ರಸ್ವಾಮಿ ಕಾದ.

“ಯಾವಾಗಿಂದ ನಾಲ್ಕು ಗಂಟೆ?”

“ಈಗ ಹನ್ನೊಂದು ಅಲ್ವಾ, ಈಗಿಂದ್ಲೇ ಲೆಕ್ಕ. ಮೂರ್ಗಂಟೆಗಂಟ ಏನೂ ತೊಂದ್ರೆಯಿಲ್ಲ. ಆಮ್ಯಾಲೆ ಮಂಕಾಯ್ತದೆ.”

“ಸರ್ಯಾಗಿ ನೋಡಿದ್ಯಾ?”

“ನಾನೇ ಆಸ್ಪತ್ರೇಲಿ ಕೂತು ಕಣ್ಣಾರೆ ನೋಡೀನಿ ಮಾವ. ಒಳಗಿರದು ಚೀನಾ ಮಾಲು.”

“ಅಯ್ಯೋ ಶಿವನೇ. ಆರೋಯ್ತದಲ್ಲ, ಆಗ ನೋವಾಯ್ತದಾ?”

ಶಿವರುದ್ರಸ್ವಾಮಿಯ ಕಣ್ಣು ಒದ್ದೆಯಾಯಿತು. ಬ್ಯಾಟ್ರಿಗೆ ನೋವಾಗುತ್ತದೆಯೇ ಎಂದು ಕೇಳುವ ಮನುಷ್ಯ ಇವರು! ಇಷ್ಟು ವರ್ಷ ಮಾವನನ್ನು ತಾನು ಅರ್ಥವೇ ಮಾಡಿಕೊಂಡಿರಲಿಲ್ಲ.

“ಇಲ್ಲ ಮಾವ, ನೋವೇನೂ ಇಲ್ಲ. ತಣ್ಣಗಾಗೋಯ್ತದೆ, ಅಷ್ಟೆ. ನಾನು ಮೂರ್ಗಂಟೆ ಒಳ್ಗೆ ಬತ್ತೀನಿ.”

“ಬೇಗ ಬಾಪ್ಪ” ಎಂದರು ಗುರುಮಲ್ಲಯ್ಯನವರು.

ಎರಡನೇ ಬಾಪ್ಪ. ಈ ಸಂತೋಷದಲ್ಲಿ ಶಿವರುದ್ರಸ್ವಾಮಿ ತನ್ನ ಮೊಬೈಲಿಗೆ ಚಾರ್ಜು ಮುಗಿದದ್ದನ್ನೂ ಗಮನಿಸಲಿಲ್ಲ. ಉರಿಯುವ ಬ್ಯಾಟ್ರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್‌ಸ್ಟಾಪಿಗೆ ಬಂದು ಕೂತ. ಎರಡು ಬಸ್ಸು ಅವನ ಮುಂದೆಯೇ ನಿಂತು ಹೋದವು. ಮೂರನೆಯದರ ಕಂಡಕ್ಟರು ಇಳಿದು ಬಂದು ಭುಜ ಅಲುಗಿಸಿ ಹತ್ತಿಸಿಕೊಂಡ.

ಇತ್ತ ತೆರಕಣಾಂಬಿಯಲ್ಲಿ ನಡೆದದ್ದನ್ನು ಆಮೇಲೆ ಎಲ್ಲರೂ ಒಂದೊಂದು ಥರ ಹೇಳಿದರು. ಗುರುಮಲ್ಲಯ್ಯನವರು ದಡ್ಡರಲ್ಲ. ಆದರೆ ಅವರು ಹುಟ್ಟಿದಾಗಿನಿಂದ ಕೊಂಡ ಒಂದು ಬ್ಯಾಟ್ರಿಯೂ ಅಂಗಡಿಯವನು ಹೇಳಿದಷ್ಟು ದಿನ ಬಂದಿರಲಿಲ್ಲ. ಎದೆಯೊಳಗಿನದ್ದೂ ಹಾಗೇ ಆಗುತ್ತದೆಂದು ಆರು ತಿಂಗಳಿಂದ ಅಂದುಕೊಂಡೇ ಇದ್ದರು. ಫೋನು ಇಟ್ಟವರೇ ಸ್ನಾನ ಮಾಡಿ, ಮೈತುಂಬ ವಿಭೂತಿ ಹಚ್ಚಿ, ಮಡಿ ಪಂಚೆಯುಟ್ಟು ನಡುಮನೆಯ ಕಂಬಕ್ಕೆ ಒರಗಿ ಕೂತರು. ಗೋಡೆ ಗಡಿಯಾರವನ್ನು ಎದುರಿಗೆ ತಂದು ಇಡಿಸಿದರು.

“ರಾಚಿ, ಇಲ್ ಬಾ. ಮೂರ್ಗಂಟೆಗೆ ನಂದು ಮುಗೀತದೆ.”

ರಾಚಮ್ಮ ಸೌಟು ಹಿಡಿದೇ ಕೂತುಬಿಟ್ಟರು. ಗುಂಡ್ಲುಪೇಟೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಮಗ ಶಶಿಕುಮಾರ ಗಿರಾಕಿಯ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಬೈಕಿನಲ್ಲಿ ಹಾರಿ ಬಂದ. ಕಾರು ಮಾಡಿ ಮೈಸೂರಿಗೆ ಕರೆದೊಯ್ಯುತ್ತೇನೆ ಎಂದ.

“ಬ್ಯಾಡ ಕಣ್ಲಾ. ದಾರೀಲಿ ನಿಂತೋದ್ರೆ ಏನ್ ಮಾಡೀಯೆ? ಅಳಿಯ ಬತ್ತಾವ್ನೆ. ಆಸ್ಪತ್ರೆಯೋನು. ಅವ್ನು ಬರ್ಲಿ.”

“ಭಾವನ್ ಪೋನು ಸ್ವಿಚಾಪ್ ಆಗದೆ ಅಪ್ಪ!” ಎಂದು ಶಶಿಕುಮಾರ ಕೂಗಿದ. ಗಂಗಾಂಬಿಕೆ ಅಳುತ್ತಾ ಹನ್ನೆರಡನೇ ಸಲ ಗಂಡನ ನಂಬರು ಒತ್ತಿದಳು.

ಇಷ್ಟು ಹೊತ್ತಿಗೆ ಮನೆ ತುಂಬಿತ್ತು. ಗುರುಮಲ್ಲಯ್ಯನವರು ಒಬ್ಬೊಬ್ಬರನ್ನೇ ಕರೆದು ಮನಸ್ಸು ಬಿಚ್ಚಿದರು. ಹೆಂಡತಿಗೆ, “ನಲವತ್ತೈದು ವರ್ಷ ಸಾರಿಗೆ ಉಪ್ಪು ಕಮ್ಮಿ ಅಂದಿದ್ದು ಸುಳ್ಳು ಕಣೆ. ಸರ್ಯಾಗೇ ಇರ್ತಿತ್ತು” ಎಂದರು. ರಾಚಮ್ಮ, “ಸಾಯೋವಾಗ ಯೋಳ್ತೀರಲ್ಲ ಇದ!” ಎಂದು ಅತ್ತರು, ಬೈದರು, ಮತ್ತೆ ಅತ್ತರು. ಪಕ್ಕದ ಹೊಲದ ಚಿಕ್ಕಮಲ್ಲಪ್ಪನಿಗೂ ಇವರಿಗೂ ಬದುವಿನ ಬೇವಿನ ಮರಕ್ಕಾಗಿ ಇಪ್ಪತ್ತು ವರ್ಷದ ಜಗಳ. ಅವನನ್ನೂ ಕರೆದು, “ಮರ ನಿಂದೇ ತಕ್ಕೊ ಮಲ್ಲ” ಎಂದರು. ಚಿಕ್ಕಮಲ್ಲಪ್ಪ ಕಾಲು ಹಿಡಿದು ಗೊಳೋ ಎಂದ. ಅಳುತ್ತಲೇ ಪಕ್ಕದವನಿಗೆ, “ಕೇಳಿಸ್ಕಂಡ್ಯಲ್ಲ? ಸಾಕ್ಷಿಯಿರು” ಎಂದ.

ಮೂರಕ್ಕೆ ಹದಿನೈದು ನಿಮಿಷ ಇರುವಾಗ ಶಿವರುದ್ರಸ್ವಾಮಿ ಟವೆಲಿನ ಗಂಟು ಎದೆಗವಚಿಕೊಂಡು ಬಾಗಿಲಲ್ಲಿ ಕಾಣಿಸಿದ. ಜನ ದಾರಿ ಬಿಟ್ಟರು. ಯಾರೋ ಚೊಂಬಿನಲ್ಲಿ ಕೈತೊಳೆಯಲು ನೀರು ತಂದರು. ಇಷ್ಟು ಮಂದಿ ತನ್ನ ಬ್ಯಾಟ್ರಿ ನೋಡಲು ಬಂದಿದ್ದಾರೆಂದು ಅವನಿಗೆ ನಾಚಿಕೆಯಾಯಿತು.

“ಬಾ ಅಳೀಮಯ್ಯ” ಎಂದರು ಗುರುಮಲ್ಲಯ್ಯನವರು, ಅವನ ಮುಖವನ್ನೇ ನೋಡುತ್ತಾ. “ಹತ್ತೊಂಬತ್ತು ವರ್ಷ ನಿನ್ನ ಸರ್ಯಾಗಿ ಮಾತಾಡಿಸ್ನಿಲ್ಲ. ತಪ್ಪಾಯ್ತು ಕಣಪ್ಪ. ಈಗ ಮಂಕಾಗಾಕೆ ಸುರುವಾಯ್ತು ಅನ್ನಿಸ್ತದೆ.”

“ಅಯ್ಯೋ ಮಾವ, ಅದ್ಕೆ ಯಾಕೆ ಅಷ್ಟು ಬೇಜಾರು? ಮಂಕಾದ್ರೆ ಹೊಸಾ ಸೆಲ್ಲು ಹಾಕಿದ್ರಾಯ್ತು. ಮೂರೂ ಜೇಬಲ್ಲೇ ಮಡಿಕಂಡ್ ಬಂದೀನಿ.”

ನಡುಮನೆಯ ಜನವೆಲ್ಲ ಒಂದು ಹೆಜ್ಜೆ ಮುಂದೆ ಬಂದರು.

“ಹಾಕ್ಬೋದಾ?” ಎಂದು ರಾಚಮ್ಮ ಕೈಮುಗಿದರು. “ಎಲ್ಲಿಂದ ಹಾಕೀರಿ, ನಮ್ಮಪ್ಪ?”

“ಹಿಂದುಗಡೆಯಿಂದ ಅತ್ತೆ. ಹಿಂದೆ ತಿರುಪು ಅದಲ್ಲ, ಎಡಕ್ಕೆ ತಿರುವಿದ್ರೆ ಬಿಚ್ಕತದೆ. ಎರಡು ನಿಮಿಷದ ಕೆಲ್ಸ.”

“ಬೆನ್ನಲ್ಲಿ ತಿರುಪು ಅದಾ?” ಎಂದು ಚಿಕ್ಕಮಲ್ಲಪ್ಪ ಬಾಯಿ ಬಿಟ್ಟ. ಶಶಿಕುಮಾರ, “ಭಾವ, ಮತ್ತಿನ ಇಂಜೆಕ್ಷನ್ ಕೊಡದಿಲ್ವಾ?” ಎಂದು ಕಂಬ ಹಿಡಿದುಕೊಂಡ. ಆದರೆ ಗುರುಮಲ್ಲಯ್ಯನವರು ಗಂಡಸು. ಹಲ್ಲು ಕಚ್ಚಿ, ಶಲ್ಯ ತೆಗೆದು, ಅಳಿಯನಿಗೆ ಬೆನ್ನು ಮಾಡಿ ಕೂತರು.

“ತಿರುವು” ಎಂದರು.

ಶಿವರುದ್ರಸ್ವಾಮಿ ಆ ಬೆನ್ನು ನೋಡಿದ. ಕೈಯಲ್ಲಿದ್ದ ಟವೆಲಿನ ಗಂಟು ನೋಡಿದ. ಮಾವ ಯಾಕೆ ಬೆನ್ನು ತೋರಿಸುತ್ತಿದ್ದಾರೆ ಎಂದು ತಿಳಿಯದೆ, ಕೊನೆಗೆ ಟವೆಲು ಬಿಚ್ಚಿ, ಮಿಣಮಿಣ ಉರಿಯುತ್ತಿದ್ದ ಬ್ಯಾಟ್ರಿಯನ್ನು ಅವರ ಭುಜದ ಮೇಲಿಂದ ಮುಂದಕ್ಕೆ ಚಾಚಿದ. “ಇದ್ರುದು ಮಾವ.”

ಗುರುಮಲ್ಲಯ್ಯನವರು ಅದನ್ನು ನೋಡಿದರು. ಗಂಗಾಂಬಿಕೆ ನೋಡಿದಳು, ಗಂಡನನ್ನು ಬಲ್ಲವಳಾದ್ದರಿಂದ ಮೊದಲು ಅವಳಿಗೇ ಗೊತ್ತಾಯಿತು. “ರೀ! ನಾಲ್ಕು ಗಂಟೆ ಅಂದಿದ್ದು ಇದ್ಕಾ?”

“ಇನ್ಯಾತಕ್ಕೆ?”

ಆಮೇಲೆ ನಡೆದ ಗಲಾಟೆಯನ್ನು ಬರೆಯುವುದು ಕಷ್ಟ. ಶಶಿಕುಮಾರ ತಲೆ ಚಚ್ಚಿಕೊಂಡ. ರಾಚಮ್ಮ ಅಳುವುದನ್ನು ನಿಲ್ಲಿಸಲಾರದೆ ನಗಲು ಶುರುಮಾಡಿದರು. ಚಿಕ್ಕಮಲ್ಲಪ್ಪ, “ಮರದ ಮಾತು ಮಾತ್ರ ಮಾತೇ ಅಲ್ವಾ?” ಎಂದು ಕೇಳಿ ಎಲ್ಲರ ಕೈಲೂ ಬೈಸಿಕೊಂಡ. ಗದ್ದಲದ ನಡುವೆ ಗುರುಮಲ್ಲಯ್ಯನವರು ಕೈಯೆತ್ತಿದರು.

“ಸುಮ್ನಿರಿ. ಹಂಗಾದ್ರೆ ನಂದು ಎಷ್ಟು ಕಾಲ ಬತ್ತದೆ? ಆಸ್ಪತ್ರೆಯೋನು ನೀನು, ಯೋಳು.”

ಎಲ್ಲರೂ ಶಿವರುದ್ರಸ್ವಾಮಿಯ ಕಡೆ ತಿರುಗಿದರು. ಅವನ ನಾಲಿಗೆಯ ತುದಿಗೆ ‘ಬಿಸಿನೀರು ಕುಡೀರಿ’ ಬಂತು. ಮಾವನ ಕಣ್ಣು ನೋಡಿದ. ಅವು ಹತ್ತೊಂಬತ್ತು ವರ್ಷದ ಮೇಲೆ ಅವನ ಮೇಲಿದ್ದವು, ಈಗ ನಿಜ ಹೇಳಿದರೆ ಮತ್ತೆ ಅತ್ತ ತಿರುಗಿಬಿಡಬಹುದು. ಬಿಸಿನೀರನ್ನು ನುಂಗಿಕೊಂಡ.

“ನಂಗೊತ್ತಿಲ್ಲ ಮಾವ. ನಾನು ಡಾಕ್ಟ್ರಲ್ಲ, ಕಾಂಪೌಂಡ್ರೂ ಅಲ್ಲ. ಬೆಡ್‌ಶೀಟ್ ಎಣಿಸೋನು. ಕೇಳಿ ಯೋಳ್ತೀನಿ.”

ಗಂಗಾಂಬಿಕೆಯ ಫೋನಿನಿಂದ ನರ್ಸು ಕಾವ್ಯಶ್ರೀಗೆ ಮಾಡಿದ. ಸ್ಪೀಕರಿನಲ್ಲಿ ಇಡೀ ಮನೆಗೆ ಕೇಳಿಸಿತು. “ಎಂಟತ್ತು ವರ್ಷ ಬರುತ್ತೆ ಸ್ವಾಮಣ್ಣ. ದಿಢೀರ್ ಅಂತ ನಿಲ್ಲಲ್ಲ, ಚೆಕಪ್ಪಿಗೆ ಹೋದಾಗ ಮುಂಚೇನೇ ಗೊತ್ತಾಗುತ್ತೆ. ಅಂದಹಾಗೆ ನಿಮ್ಮ ರಕ್ತದಲ್ಲಿ ಕಾಮಾಲೆ ಇಲ್ಲ.”

ಗಡಿಯಾರ ಮೂರು ಹೊಡೆಯಿತು. ಯಾರಿಗೂ ಏನೂ ಆಗಲಿಲ್ಲ. ಗುರುಮಲ್ಲಯ್ಯನವರು ನಿಧಾನವಾಗಿ ಶಲ್ಯ ಹೊದ್ದುಕೊಂಡು ಎದ್ದರು. ಅಳಿಯನ ಕೈಯಿಂದ ಬ್ಯಾಟ್ರಿ ಕಿತ್ತುಕೊಂಡು ಬೀದಿಗೆ ಎಸೆಯುತ್ತಾರೆಂದು ಎಲ್ಲರೂ ಅಂದುಕೊಂಡರು.

“ಈ ಹಗಲ್ ಬೆಳಕಲ್ಲಿ ಏನ್ ಕಂಡಾತು? ಒಳಕ್ ನಡಿ” ಎಂದರು.

ಮನೆಯ ಹಿಂದೆ ಅರಿಶಿನದ ಚೀಲ ಒಟ್ಟುವ ಕೋಣೆ. ಮಾವ ಅಳಿಯ ಇಬ್ಬರೂ ಒಳಗೆ ಹೋಗಿ ಅಗುಳಿ ಹಾಕಿಕೊಂಡರು. ಶಿವರುದ್ರಸ್ವಾಮಿ ಹೊಸ ಸೆಲ್ಲು ಹಾಕಿ ಒತ್ತಿದ. ಗೋಣಿಚೀಲಗಳ ಮೇಲೆ ಗುಂಡಗೆ, ಮೆತ್ತಗೆ, ಬೆಳಕು ಹರಡಿತು. ಗಾಳಿಯಲ್ಲಿ ಅರಿಶಿನದ ದೂಳು ನಿಧಾನವಾಗಿ ತೇಲುತ್ತಿತ್ತು. ಇಬ್ಬರೂ ಚೀಲಕ್ಕೆ ಒರಗಿ ಕೂತರು.

“ಗುಂಡಗದೆ” ಎಂದರು ಮಾವ.

“ಹೂಂ ಮಾವ.”

“ನಂಗೆ ದಿನಾ ಭಯ ಆಯ್ತದೆ ಕಣಪ್ಪ. ಮಲಗಿದ್ರೆ ಇದು ನಿಂತೋಯ್ತದೇನೋ ಅಂತ ಕೇಳಿಸ್ಕಂಡೇ ಇರ್ತೀನಿ. ಮನೆಯೋರ್ ಮುಂದೆ ಯೋಳಾಕಾದಾತಾ?”

“ನನ್ ಮುಂದೆ ಯಾಕ್ ಯೋಳಿದ್ರಿ ಮಾವ?”

“ನೀನು ಯಾರ್ಗೂ ಯೋಳಲ್ಲ. ನಿಂಗೆ ಯೋಳಿದ್ರಲ್ಲಿ ಅರ್ಧ ಕೇಳಿಸೋದೇ ಇಲ್ವಲ್ಲ.”

ಆದರೆ ಈ ಸಲ ಶಿವರುದ್ರಸ್ವಾಮಿಗೆ ಎಲ್ಲವೂ ಕೇಳಿಸಿತ್ತು. ಮಾವನ ಕೈಯನ್ನು ಹಿಡಿದುಕೊಂಡ. ಅವರು ಬಿಡಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಬೆಳಗಿನ ಸುದ್ದಿ ಕೇಳಿ ಗುಂಡ್ಲುಪೇಟೆಯ ಬಸ್ಸಿನಲ್ಲಿ ತಡವಾಗಿ ಬಂದ ನೆಂಟರು, ಹೂವಿನ ಹಾರವನ್ನು ಚೀಲದಲ್ಲಿ ಮುಚ್ಚಿಟ್ಟುಕೊಂಡು, ಹೆದರುತ್ತಾ ನಡುಮನೆಗೆ ಕಾಲಿಟ್ಟರು. “ಗುರುಮಲ್ಲಯ್ಯ ಎಲ್ಲವ್ರೆ?” ಎಂದು ಕೇಳಿದರು. ಕಾಫಿಗೆ ಇಡುತ್ತಿದ್ದ ರಾಚಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. “ಒಳಗವ್ರೆ. ಅಳಿಯಂದ್ರು ಬಾಗ್ಲಾಕಂಡು ಬ್ಯಾಟ್ರಿ ಬಿಚ್ಚಿ ಸೆಲ್ಲು ಹಾಕ್ತಾವ್ರೆ.”

ಅರಿಶಿನದ ಕೋಣೆಯೊಳಕ್ಕೆ ಏಳೆಂಟು ಜನ ಒಟ್ಟಿಗೆ ಎದೆ ಬಡಿದುಕೊಂಡು ಅಳುವ ಸದ್ದು ಕೇಳಿಬಂತು. ಗುರುಮಲ್ಲಯ್ಯನವರು ಕಿವಿಗೊಟ್ಟು ಕೇಳಿದರು.

“ಪಾಪ, ಯಾರೋ ತೀರೋದ್ರು ಅಂತ ಕಾಣ್ತದೆ” ಎಂದರು. “ಆಮ್ಯಾಲೆ ಓಗಿ ನೋಡ್ಕಂಡ್ ಬರನ. ಈಗ ಬೆಳಕ ಒಸಿ ಆ ಮೂಲೆಗೆ ಬುಡು.”